ಕಡೆಯವರೆಗೂ ನಿಂತವರು



ಪವಿತ್ರ ವಾರದಲ್ಲಿ ನಾವು ಯೇಸುಸ್ವಾಮಿಯ ಯಾತನೆಯ ವೃತ್ತಾಂತವನ್ನು ಎರಡು ಸಲ ಕೇಳುತ್ತೇವೆ. ಗರಿಗಳ ಭಾನುವಾರ ಒಮ್ಮೆ, ಶುಭ ಶುಕ್ರವಾರ ಇನ್ನೊಮ್ಮೆ. ಯೂದನ ಮೂವತ್ತು ಬೆಳ್ಳಿ ನಾಣ್ಯ, ಪೇತ್ರನ ಕಣ್ಣೀರು, ಪಿಲಾತ ಕೈ ತೊಳೆದುಕೊಂಡದ್ದು, ಇವೆಲ್ಲ ನಮ್ಮ ಮಕ್ಕಳಿಗೂ ನೆನಪಿರುತ್ತವೆ. ಆದರೆ ವಾಚನದ ಕೊನೆಯಲ್ಲಿ ಕೆಲವು ಹೆಸರುಗಳು ಬರುತ್ತವೆ. ಆ ಹೊತ್ತಿಗೆ ನಿಂತು ನಿಂತು ನಮ್ಮ ಕಾಲು ಸೋತಿರುತ್ತದೆ. ಮಡಿಲಲ್ಲಿದ್ದ ಮಗು ಅಳುತ್ತಿರುತ್ತದೆ. ಹೀಗಾಗಿ ಆ ಹೆಸರುಗಳು ಕಿವಿಗೆ ಬಿದ್ದರೂ ಮನಸ್ಸಿಗೆ ಇಳಿಯುವುದಿಲ್ಲ. ಅವು ಹೆಂಗಸರ ಹೆಸರುಗಳು.

ಸಂತ ಮಾರ್ಕರ ಶುಭಸಂದೇಶವನ್ನು ತೆರೆದು ನೋಡಿ. ಯೇಸು ಪ್ರಾಣ ಬಿಟ್ಟಾಗ ದೂರದಲ್ಲಿ ನಿಂತು ನೋಡುತ್ತಿದ್ದವರು ಮಗ್ದಲದ ಮರಿಯ, ಕಿರಿಯ ಯಕೋಬ ಮತ್ತು ಯೋಸೆಯರ ತಾಯಿ ಮರಿಯ, ಹಾಗೂ ಸಲೋಮೆ (ಮಾರ್ಕ ೧೫:೪೦). ಅವರ ದೇಹವನ್ನು ಸಮಾಧಿಯಲ್ಲಿ ಇಟ್ಟಾಗ ಆ ಜಾಗವನ್ನು ಕಣ್ಣಾರೆ ಕಂಡವರು ಇಬ್ಬರು ಮರಿಯಂದಿರು (೧೫:೪೭). ಸಬ್ಬತ್ ದಿನ ಕಳೆದ ಮೇಲೆ ಸುಗಂಧದ್ರವ್ಯ ಕೊಂಡು ಸಮಾಧಿಗೆ ಬಂದವರು ಮತ್ತೆ ಅದೇ ಮೂವರು (೧೬:೧). ಒಂಬತ್ತೇ ಒಂಬತ್ತು ವಾಕ್ಯಗಳ ಒಳಗೆ ಮೂರು ಸಲ ಹೆಸರು ಹಿಡಿದು ಹೇಳಿದ್ದಾರೆ. ಪದಗಳನ್ನು ಅಳೆದು ತೂಗಿ ಬರೆಯುವ ಮಾರ್ಕರು ಇಲ್ಲಿ ಮಾತ್ರ ಹೀಗೇಕೆ ಮಾಡಿದರು? ಏಕೆಂದರೆ ಇವರು ಸಾಕ್ಷಿಗಳು. ಯೇಸು ಸತ್ತದ್ದು ನಿಜ, ಹೂಳಲ್ಪಟ್ಟದ್ದು ನಿಜ, ಸಮಾಧಿ ಬರಿದಾದದ್ದು ನಿಜ. ಈ ಮೂರನ್ನೂ ಕಂಡವರು ಯಾರು ಎಂದು ಕೇಳಿದರೆ ಮೊದಲು ಹೇಳಬೇಕಾದುದು ಈ ಹೆಂಗಸರ ಹೆಸರನ್ನೇ. ಪ್ರತಿ ಭಾನುವಾರ ನಾವು ವಿಶ್ವಾಸ ಪ್ರಮಾಣದಲ್ಲಿ ಹೇಳುವ ಮೂರು ಮಾತುಗಳ ಹಿಂದೆ ಅವರ ಕಣ್ಣುಗಳಿವೆ.

ಊಟ ಎಲ್ಲಿಂದ ಬಂತು?

ಈ ಸ್ತ್ರೀಯರು ಗೊಲ್ಗೊಥಾ ಗುಡ್ಡದಲ್ಲಿ ದಿಢೀರನೆ ಕಾಣಿಸಿಕೊಂಡವರಲ್ಲ. ಸಂತ ಲೂಕರು ಅವರನ್ನು ನಮಗೆ ಬಹಳ ಮೊದಲೇ ಪರಿಚಯ ಮಾಡಿಸುತ್ತಾರೆ (ಲೂಕ ೮:೧-೩). ಯೇಸು ಹನ್ನೆರಡು ಮಂದಿ ಶಿಷ್ಯರೊಂದಿಗೆ ಗಲಿಲೇಯದ ಊರೂರು, ಹಳ್ಳಿಹಳ್ಳಿ ಸುತ್ತುತ್ತಿದ್ದರು. ಹದಿಮೂರು ಗಂಡಸರು ಹೀಗೆ ದುಡಿಮೆ ಬಿಟ್ಟು ತಿರುಗುತ್ತಿದ್ದರೆ ಅವರ ಊಟದ ಗತಿ ಏನು? ಮನೆ ನಡೆಸುವ ಯಾವ ತಾಯಿಗಾದರೂ ಮೊದಲು ಹೊಳೆಯುವ ಪ್ರಶ್ನೆ ಇದು. ಲೂಕರು ಉತ್ತರ ಕೊಡುತ್ತಾರೆ. ಮಗ್ದಲದ ಮರಿಯ, ಕೂಜನ ಮಡದಿ ಯೊವಾನ್ನಳು, ಸುಸನ್ನ ಮತ್ತು ಇನ್ನೂ ಅನೇಕ ಸ್ತ್ರೀಯರು ಸ್ವಂತ ಆಸ್ತಿಪಾಸ್ತಿಯಿಂದ ಅವರ ಯೋಗಕ್ಷೇಮ ನೋಡಿಕೊಳ್ಳುತ್ತಿದ್ದರು.

ಮಗ್ದಲ ಗಲಿಲೇಯ ಸರೋವರದ ಪಶ್ಚಿಮ ದಡದಲ್ಲಿದ್ದ ಮೀನುಗಾರರ ಪಟ್ಟಣ. ಮೀನಿಗೆ ಉಪ್ಪು ಹಾಕಿ ಒಣಗಿಸುವ ಕಸುಬು ಅಲ್ಲಿ ಇತ್ತು. ೨೦೦೯ರಲ್ಲಿ ಅಲ್ಲಿ ನೆಲ ಅಗೆದಾಗ ಯೇಸುವಿನ ಕಾಲದ ಪ್ರಾರ್ಥನಾ ಮಂದಿರವೊಂದು ಬೆಳಕಿಗೆ ಬಂತು. ಮರಿಯ ಅಂಥ ದುಡಿಯುವ ಊರಿನ ಹೆಣ್ಣುಮಗಳು. ಕೂಜನ ಮಡದಿಯ ಕಥೆ ಬೇರೆಯದು. ಅವಳ ಗಂಡ ಹೆರೋದನ ಮನೆವಾರ್ತೆಯ ಅಧಿಕಾರಿ. ಸ್ನಾನಿಕ ಯೊವಾನ್ನರ ತಲೆ ತೆಗೆಸಿದ ಅದೇ ಹೆರೋದ. ಆ ಅರಮನೆಯ ನೆರಳಿನಲ್ಲಿ ಬಾಳಿದ ಹೆಣ್ಣೊಬ್ಬಳು ಯೇಸುವಿನ ತಂಡಕ್ಕೆ ಕೈಯಾರೆ ಅನ್ನ ಒದಗಿಸಿದಳು. ಸುಖವಾಗಿದ್ದ ಮನೆಯಿಂದ ಹೊರಬಂದು ಧೂಳಿನ ಹಾದಿ ತುಳಿದಳು. ಪುನರುತ್ಥಾನದ ಮುಂಜಾನೆ ಸಮಾಧಿಯ ಸುದ್ದಿ ತಂದವರಲ್ಲಿ ಅವಳ ಹೆಸರು ಮತ್ತೆ ಬರುತ್ತದೆ (ಲೂಕ ೨೪:೧೦).

ಗಲಿಲೇಯದಿಂದ ಜೆರುಸಲೇಮಿಗೆ ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಅವರು ನಡೆದೇ ಬಂದರು.

ಸೇವೆ ಎಂಬ ಒಂದು ಮಾತು

ಈ ಸ್ತ್ರೀಯರು ಯೇಸುವನ್ನು ಹಿಂಬಾಲಿಸಿದರು, ಅವರ ಸೇವೆ ಮಾಡಿದರು, ಅವರೊಡನೆ ಜೆರುಸಲೇಮಿಗೆ ಬಂದರು ಎಂದು ಸಂತ ಮಾರ್ಕರು ಬರೆಯುತ್ತಾರೆ (೧೫:೪೧). ಇಲ್ಲಿ 'ಸೇವೆ ಮಾಡು' ಎಂಬುದಕ್ಕೆ ಗ್ರೀಕ್ ಮೂಲದಲ್ಲಿರುವ ಕ್ರಿಯಾಪದ ಮಾರ್ಕರ ಶುಭಸಂದೇಶದಲ್ಲಿ ಬೆರಳೆಣಿಕೆಯ ಕಡೆ ಮಾತ್ರ ಬರುತ್ತದೆ. ಮರಳುಗಾಡಿನಲ್ಲಿ ಯೇಸುವಿಗೆ ದೇವದೂತರು ಸೇವೆ ಮಾಡಿದರು (೧:೧೩). ಜ್ವರ ಬಿಟ್ಟ ಕೂಡಲೇ ಪೇತ್ರನ ಅತ್ತೆ ಎದ್ದು ಸೇವೆ ಮಾಡಿದಳು (೧:೩೧). ತಾವು ಸೇವೆ ಮಾಡಿಸಿಕೊಳ್ಳಲು ಬಂದವರಲ್ಲ, ಸೇವೆ ಮಾಡಲು ಬಂದವರು ಎಂದು ಸ್ವತಃ ಯೇಸುಸ್ವಾಮಿ ಹೇಳಿದರು (೧೦:೪೫). ಕೊನೆಗೆ ಶಿಲುಬೆಯ ಹತ್ತಿರದ ಈ ಹೆಂಗಸರು.

ನೋಡಿ, ದೇವದೂತರು, ಒಬ್ಬ ಅತ್ತೆ, ಯೇಸುಸ್ವಾಮಿ, ಈ ಸ್ತ್ರೀಯರು. ಹನ್ನೆರಡು ಮಂದಿ ಶಿಷ್ಯರು ಈ ಪಟ್ಟಿಯಲ್ಲಿ ಇಲ್ಲ. ನಮ್ಮಲ್ಲಿ ಯಾರು ದೊಡ್ಡವರು ಎಂದು ದಾರಿಯುದ್ದಕ್ಕೂ ವಾದ ಮಾಡಿದವರು ಅವರು. ದೊಡ್ಡವನಾಗಬೇಕಾದವನು ಸೇವಕನಾಗಲಿ ಎಂದು ಯೇಸು ಅವರಿಗೆ ಒಂದಲ್ಲ, ಎರಡು ಸಲ ಬುದ್ಧಿ ಹೇಳಬೇಕಾಯಿತು. ಅವರು ಪಾಠ ಕೇಳುತ್ತಿದ್ದಾಗ ಈ ಹೆಂಗಸರು ಆ ಪಾಠವನ್ನು ಬದುಕುತ್ತಿದ್ದರು. ಬಲಿಪೂಜೆ ಅರ್ಪಿಸುವ ನಮ್ಮಂಥ ಗುರುಗಳು ಈ ಮಾತನ್ನು ಆಗಾಗ ನೆನಪಿಸಿಕೊಳ್ಳುವುದು ಒಳ್ಳೆಯದು.

ಉತ್ತರ ಸಿಗದೆಯೇ ಹೊರಟವರು

ಯೇಸುವನ್ನು ಬಂಧಿಸಿದಾಗ ಶಿಷ್ಯರು ಓಡಿಹೋದರು. ಪೇತ್ರನು ಅಂಗಳದವರೆಗೆ ಬಂದನು, ಒಬ್ಬ ದಾಸಿ ಕೇಳಿದ ಪ್ರಶ್ನೆಗೆ ಹೆದರಿ ಹಿಂದೆ ಸರಿದನು. ಯೇಸುವಿನ ಪ್ರೀತಿಯ ಶಿಷ್ಯ ಶಿಲುಬೆಯ ಬಳಿ ನಿಂತಿದ್ದನು ಎಂಬುದನ್ನು ಸಂತ ಯೊವಾನ್ನರು ಬರೆದಿದ್ದಾರೆ, ಅದನ್ನು ಮರೆಯುವಂತಿಲ್ಲ. ಆದರೆ ಅವನ ಪಕ್ಕದಲ್ಲಿ ನಿಂತವರು ಮಾತೆ ಮರಿಯಮ್ಮನವರು, ಅವರ ಸಹೋದರಿ, ಕ್ಲೋಪನ ಮರಿಯ ಮತ್ತು ಮಗ್ದಲದ ಮರಿಯ (ಯೊವಾನ್ನ ೧೯:೨೫). ರೋಮನ್ ಸೈನಿಕರ ಕೈಯಿಂದ ಅವರನ್ನು ಬಿಡಿಸುವ ಶಕ್ತಿ ಆ ಹೆಂಗಸರಿಗೆ ಇರಲಿಲ್ಲ. ಒಂದು ಗುಟುಕು ನೀರು ಕೊಡುವುದೂ ಅವರ ಕೈಯಲ್ಲಿರಲಿಲ್ಲ. ಆದರೂ ಅಲ್ಲಿಂದ ಕದಲಲಿಲ್ಲ.

ಆಸ್ಪತ್ರೆಗಳಲ್ಲಿ ರೋಗಿಗಳ ಅಭ್ಯಂಗ ಸಂಸ್ಕಾರ ಕೊಡಲು ಹೋದಾಗ ಇಂಥ ತಾಯಂದಿರನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಡಾಕ್ಟರು ಕೈಚೆಲ್ಲಿದ್ದಾರೆ. ಗಂಡಸರು ವರಾಂಡದಲ್ಲಿ ಶತಪಥ ಹಾಕುತ್ತಾರೆ, ಫೋನಿನಲ್ಲಿ ಮಾತಾಡುತ್ತಾರೆ, ಬಿಲ್ಲಿನ ಚಿಂತೆ ಮಾಡುತ್ತಾರೆ. ಅದೂ ಬೇಕಾದದ್ದೇ. ಮಂಚದ ಪಕ್ಕದ ಸ್ಟೂಲಿನ ಮೇಲೆ ಒಬ್ಬ ಹೆಂಡತಿಯೋ ಮಗಳೋ ಅಕ್ಕನೋ ಜಪಸರ ಹಿಡಿದು ಕುಳಿತಿರುತ್ತಾಳೆ. ರೋಗಿಯ ಪಾದದ ಮೇಲೆ ಅವಳ ಒಂದು ಕೈ ಇರುತ್ತದೆ. ಏನೂ ಮಾಡಲಾಗದ ಹೊತ್ತಿನಲ್ಲಿ ಜೊತೆಗಿರುವುದು ಸಣ್ಣ ವಿಶ್ವಾಸವಲ್ಲ.

ಭಾನುವಾರದ ಮುಂಜಾನೆಯನ್ನು ಗಮನಿಸಿ. ದಾರಿಯಲ್ಲಿ ಆ ಸ್ತ್ರೀಯರಿಗೆ ಒಂದೇ ಚಿಂತೆ. ಸಮಾಧಿಯ ಬಾಯಿಗೆ ಮುಚ್ಚಿದ ಬಂಡೆಯನ್ನು ತಮಗಾಗಿ ಯಾರು ಸರಿಸಿಕೊಟ್ಟಾರು ಎಂದು ತಮ್ಮತಮ್ಮಲ್ಲೇ ಮಾತಾಡಿಕೊಂಡರು (ಮಾರ್ಕ ೧೬:೩). ಬಂಡೆ ಬಹಳ ದೊಡ್ಡದು. ಉತ್ತರ ಯಾರ ಬಳಿಯೂ ಇಲ್ಲ. ಲೆಕ್ಕಾಚಾರದ ಮನುಷ್ಯ ಅಲ್ಲಿಂದಲೇ ಹಿಂತಿರುಗುತ್ತಿದ್ದ. ಮೊದಲು ನಾಲ್ಕು ಜನ ಆಳುಗಳನ್ನು ನೋಡೋಣ, ಆಮೇಲೆ ಹೋಗೋಣ ಎನ್ನುತ್ತಿದ್ದ. ಇವರು ಪ್ರಶ್ನೆಯನ್ನು ಹೊತ್ತುಕೊಂಡೇ ಮುಂದೆ ನಡೆದರು. ತಲೆಯೆತ್ತಿ ನೋಡಿದಾಗ ಬಂಡೆ ಸರಿದಿತ್ತು. ಮನೆಯಲ್ಲೇ ಕುಳಿತಿದ್ದರೆ ಅದನ್ನು ಅವರು ಕಾಣುತ್ತಿರಲಿಲ್ಲ. ಮಗನ ಕುಡಿತ ಬಿಡುವುದು ಹೇಗೆ, ಮಗಳ ಮದುವೆ ಆಗುವುದು ಹೇಗೆ ಎಂಬುದಕ್ಕೆ ಉತ್ತರವಿಲ್ಲದಿದ್ದರೂ ಬೆಳಗಿನ ಪೂಜೆಗೆ ಬಂದು ಮಂಡಿಯೂರುವ ನಮ್ಮ ತಾಯಂದಿರು ಇದೇ ದಾರಿಯಲ್ಲಿ ನಡೆಯುತ್ತಿದ್ದಾರೆ.

'ಹುರುಳಿಲ್ಲದ ಮಾತು'

ಇಲ್ಲಿಯವರೆಗೆ ನಾನು ಬರೆದುದನ್ನು ಓದಿ ಎಲ್ಲರೂ ಹೌದು ಎಂದು ತಲೆದೂಗಬಹುದು. ತಾಯಂದಿರನ್ನು ಹೊಗಳುವುದು ನಮಗೆ ಕಷ್ಟದ ಕೆಲಸವಲ್ಲ. ಕಷ್ಟ ಇರುವುದು ಮುಂದಿನ ಮಾತಿನಲ್ಲಿ.

ಸಮಾಧಿಯಿಂದ ಓಡೋಡಿ ಬಂದ ಸ್ತ್ರೀಯರು ಹನ್ನೊಂದು ಮಂದಿ ಪ್ರೇಷಿತರಿಗೆ ಸುದ್ದಿ ತಿಳಿಸಿದರು. ಪ್ರೇಷಿತರು ಏನು ಮಾಡಿದರು? ಅದೊಂದು ಹುರುಳಿಲ್ಲದ ಹರಟೆ ಎಂದುಕೊಂಡು ನಂಬದೆ ಹೋದರು (ಲೂಕ ೨೪:೧೧). ಗ್ರೀಕಿನಲ್ಲಿ ಅಲ್ಲಿ ಬಳಸಿರುವ ಪದ 'ಲೇರೋಸ್'. ಇಡೀ ಹೊಸ ಒಡಂಬಡಿಕೆಯಲ್ಲಿ ಆ ಪದ ಬರುವುದು ಇದೊಂದೇ ಕಡೆ. ಪ್ರಪಂಚದ ಅತ್ಯಂತ ದೊಡ್ಡ ಸುದ್ದಿಗೆ ಸಿಕ್ಕ ಮೊದಲ ಪ್ರತಿಕ್ರಿಯೆ ಅದು!

ಅಂದಿನ ಕಾಲ ಹಾಗಿತ್ತು ಎನ್ನಬಹುದು. ನ್ಯಾಯವಿಚಾರಣೆಯಲ್ಲಿ ಹೆಂಗಸರ ಸಾಕ್ಷ್ಯವನ್ನು ಒಪ್ಪಬಾರದು ಎಂದು ಮೊದಲನೆಯ ಶತಮಾನದ ಕೊನೆಯಲ್ಲಿ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಇದು ಆ ಒಂದು ಜನಾಂಗದ ಮಾತು ಎಂದು ಬೆರಳು ತೋರಿಸುವ ಹಾಗಿಲ್ಲ. ನಮ್ಮ ಊರಿನ ಅರಳಿಕಟ್ಟೆಯ ಪಂಚಾಯಿತಿಗಳಲ್ಲಿ ಹೆಂಗಸರು ಎಲ್ಲಿ ನಿಲ್ಲುತ್ತಿದ್ದರು, ಎಷ್ಟು ಮಾತಾಡುತ್ತಿದ್ದರು ಎಂಬುದು ನಮ್ಮ ಹಿರಿಯರಿಗೆ ಗೊತ್ತು. ಇಂಥ ಕಾಲದಲ್ಲಿ ದೇವರು ಪುನರುತ್ಥಾನದ ಸುದ್ದಿಯನ್ನು ಯಾರ ಸಾಕ್ಷ್ಯಕ್ಕೆ ಬೆಲೆಯಿಲ್ಲವೋ ಅವರ ಬಾಯಿಗೇ ಕೊಟ್ಟರು. ಯಾರಾದರೂ ಕಟ್ಟುಕಥೆ ಹೆಣೆಯುವುದಾಗಿದ್ದರೆ ಇಂಥ ಸಾಕ್ಷಿಗಳನ್ನು ಆರಿಸಿಕೊಳ್ಳುತ್ತಿರಲಿಲ್ಲ. ನಡೆದದ್ದು ಹಾಗೆಯೇ ನಡೆದದ್ದರಿಂದ ನಾಲ್ಕೂ ಶುಭಸಂದೇಶಕಾರರು ಹಾಗೆಯೇ ಬರೆದರು.

ಆಮೇಲೆ ನಡೆದದ್ದನ್ನು ಮರೆಯಬೇಡಿ. ಪುನರುತ್ಥಾನರಾದ ಪ್ರಭು ಹನ್ನೊಂದು ಮಂದಿಗೆ ಕಾಣಿಸಿಕೊಂಡಾಗ ಅವರನ್ನು ಗದರಿಸಿದರು. ಓಡಿಹೋದದ್ದಕ್ಕಾಗಿ ಅಲ್ಲ. ತಮ್ಮನ್ನು ಕಂಡವರ ಮಾತನ್ನು ನಂಬದೆ ಹೋದ ಹೃದಯದ ಕಾಠಿಣ್ಯಕ್ಕಾಗಿ (ಮಾರ್ಕ ೧೬:೧೪). ಹಾಗೆ ಕಂಡವರಲ್ಲಿ ಮೊದಲಿಗಳು ಮಗ್ದಲದ ಮರಿಯ. ಇದಕ್ಕೆ ಹೋಲಿಸಿ ಸಮಾರಿಯದ ಸಿಖಾರ್ ಊರಿನವರನ್ನು ನೋಡಿ. ಬಾವಿಯ ಬಳಿ ಕೊಡ ಬಿಟ್ಟು ಓಡಿಬಂದ ಹೆಂಗಸಿನ ಮಾತಿನ ಮೇಲೆ ಅವರಲ್ಲಿ ಅನೇಕರು ವಿಶ್ವಾಸವಿಟ್ಟರು (ಯೊವಾನ್ನ ೪:೩೯). ಊರಲ್ಲಿ ಒಳ್ಳೆಯ ಹೆಸರಿಲ್ಲದವಳು ಎಂದು ನಾವು ಹೇಳುವ ಆ ಹೆಂಗಸಿನ ಮಾತನ್ನು ಅವರು ಕೇಳಿದ್ದರಿಂದ ಯೇಸು ಎರಡು ದಿನ ಅವರ ಊರಿನಲ್ಲಿ ತಂಗಿದರು.

ಮರಿಯಳಿಗೆ ಆದ ಅನ್ಯಾಯ

ಮಗ್ದಲದ ಮರಿಯ ಎಂದ ಕೂಡಲೇ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು 'ಪಾಪಿಷ್ಠ ಹೆಂಗಸು' ಎಂಬ ಮಾತು. ಶುಭಸಂದೇಶದಲ್ಲಿ ಹಾಗೆಲ್ಲಿದೆ? ಏಳು ದೆವ್ವಗಳ ಕಾಟದಿಂದ ಅವಳು ಬಿಡುಗಡೆ ಹೊಂದಿದವಳು ಎಂದಷ್ಟೇ ಲೂಕರು ಹೇಳುತ್ತಾರೆ (೮:೨). ಅದಕ್ಕಿಂತ ಹಿಂದಿನ ಅಧ್ಯಾಯದಲ್ಲಿ ಯೇಸುವಿನ ಪಾದಗಳನ್ನು ಕಣ್ಣೀರಿನಿಂದ ತೊಳೆದ ಪಾಪಿ ಸ್ತ್ರೀಗೆ ಹೆಸರೇ ಇಲ್ಲ. ೫೯೧ರಲ್ಲಿ ಜಗದ್ಗುರು ಮಹಾ ಗ್ರೆಗೊರಿಯವರು ಒಂದು ಪ್ರಬೋಧನೆಯಲ್ಲಿ ಈ ಇಬ್ಬರನ್ನೂ ಬೆಥಾನಿಯದ ಮರಿಯಳನ್ನೂ ಒಬ್ಬಳೇ ಎಂದು ವಿವರಿಸಿದರು. ಪಾಪಿಗಳಿಗೆ ಭರವಸೆ ತುಂಬುವುದು ಅವರ ಉದ್ದೇಶ. ಆದರೆ ಪಶ್ಚಿಮದ ಧರ್ಮಸಭೆಯಲ್ಲಿ ಆ ವಿವರಣೆಯೇ ಬೇರೂರಿತು. ಚಿತ್ರಗಳಲ್ಲಿ, ನಾಟಕಗಳಲ್ಲಿ ಸಾವಿರಕ್ಕೂ ಹೆಚ್ಚು ವರ್ಷ ಅವಳು ಪಾಪಿಯಾಗಿಯೇ ಉಳಿದಳು. ಪೂರ್ವದ ಧರ್ಮಸಭೆಗಳು ಮಾತ್ರ ಈ ಮೂವರನ್ನು ಬೇರೆ ಬೇರೆಯಾಗಿಯೇ ನೆನೆಯುತ್ತ ಬಂದವು.

೧೯೬೯ರಲ್ಲಿ ನಮ್ಮ ಪೂಜಾ ಪಂಚಾಂಗವನ್ನು ಪರಿಷ್ಕರಿಸಿದಾಗ ಈ ಬೆರಕೆಯನ್ನು ಬಿಡಿಸಲಾಯಿತು. ೧೯೮೮ರಲ್ಲಿ ಸ್ತ್ರೀಯರ ಘನತೆಯನ್ನು ಕುರಿತ ಪ್ರೇಷಿತ ಪತ್ರದಲ್ಲಿ ಜಗದ್ಗುರು ದ್ವಿತೀಯ ಜಾನ್ ಪೌಲರು ಅವಳಿಗೆ ಸಲ್ಲುವ ಹಳೆಯ ಬಿರುದನ್ನು ನೆನಪಿಸಿದರು. 'ಪ್ರೇಷಿತರಿಗೆ ಪ್ರೇಷಿತೆ' ಎಂಬುದೇ ಆ ಬಿರುದು. ಸಂತ ಥಾಮಸ್ ಅಕ್ವಿನಾಸರೂ ಇದನ್ನು ಬಳಸಿದ್ದಾರೆ. ೨೦೧೬ರಲ್ಲಿ ಜಗದ್ಗುರು ಫ್ರಾನ್ಸಿಸರು ಜುಲೈ ೨೨ರ ಅವಳ ಸ್ಮರಣೆಯನ್ನು ಪ್ರೇಷಿತರ ಹಬ್ಬಗಳಿಗೆ ಸಮನಾದ ಹಬ್ಬದ ದರ್ಜೆಗೆ ಏರಿಸಿದರು. ೨೦೨೧ರ ಜನವರಿಯಲ್ಲಿ ವಾಚಕರ ಮತ್ತು ಪೀಠಸೇವಕರ ಅಧಿಕೃತ ಸೇವಾಸ್ಥಾನಗಳನ್ನು ಸ್ತ್ರೀಯರಿಗೂ ತೆರೆದವರು ಅವರೇ. ಒಬ್ಬ ಹೆಣ್ಣಿನ ಮೇಲೆ ಅಂಟಿದ ಕೆಟ್ಟ ಹೆಸರು ಹೋಗಲು ಎಷ್ಟು ಶತಮಾನ ಬೇಕಾಯಿತು ನೋಡಿ. ನಮ್ಮ ಕೇರಿಯಲ್ಲಿ ಯಾವ ಹೆಣ್ಣುಮಗಳ ಮೇಲಾದರೂ ನಾಲಿಗೆ ಹರಿಯಬಿಡುವ ಮೊದಲು ಇದನ್ನು ನೆನೆಯೋಣ.

ಸಹಿಸಿಕೋ ಎನ್ನುವವರಿಗೆ

ಇನ್ನೊಂದು ಮಾತು ಹೇಳಲೇಬೇಕು. ಹೆಂಗಸರ ತಾಳ್ಮೆಯನ್ನು ಹೊಗಳುತ್ತ ಹೊಗಳುತ್ತ ಅದನ್ನೇ ಅವರ ಕಾಲಿಗೆ ಸಂಕೋಲೆ ಮಾಡುವವರಿದ್ದಾರೆ. ಗಂಡ ಕುಡಿದು ಹೊಡೆದರೂ ಮಾತೆ ಮರಿಯಮ್ಮನವರ ಹಾಗೆ ಸಹಿಸಿಕೋ ಎಂದು ಬುದ್ಧಿ ಹೇಳುವವರಿದ್ದಾರೆ. ಶಿಲುಬೆಯ ಬಳಿ ನಿಂತ ಸ್ತ್ರೀಯರು ಪ್ರೀತಿಯಿಂದ, ಸ್ವಂತ ಮನಸ್ಸಿನಿಂದ ನಿಂತರು. ಅವರನ್ನು ಯಾರೂ ಕಟ್ಟಿಹಾಕಿ ನಿಲ್ಲಿಸಲಿಲ್ಲ. ಹೊಡೆತ ತಿನ್ನುವುದಕ್ಕೂ ಈ ನಿಲ್ಲುವಿಕೆಗೂ ಸಂಬಂಧವಿಲ್ಲ.

ಶುಭಸಂದೇಶದ ಹೆಂಗಸರು ಸುಮ್ಮನಿದ್ದು ಸಹಿಸಿದವರೂ ಅಲ್ಲ. ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿ, ಇದ್ದಬದ್ದ ಹಣವನ್ನೆಲ್ಲ ವೈದ್ಯರಿಗೆ ಸುರಿದ ಆ ಹೆಂಗಸು ಜನರ ನೂಕುನುಗ್ಗಲಿನಲ್ಲಿ ನುಗ್ಗಿ ಯೇಸುವಿನ ಉಡುಪನ್ನು ಮುಟ್ಟಿದಳು. ಯೇಸು ಅವಳನ್ನು ಬೈಯಲಿಲ್ಲ. ಎಲ್ಲರ ಮುಂದೆ ಅವಳು ತನ್ನ ಕಥೆ ಹೇಳುವಂತೆ ಮಾಡಿದರು, ಮಗಳೇ ಎಂದು ಕರೆದರು (ಮಾರ್ಕ ೫:೨೫-೩೪). ಕಾನಾನ್ಯ ತಾಯಿಯೊಬ್ಬಳು ಕಾಯಿಲೆಬಿದ್ದ ಮಗಳಿಗಾಗಿ ಯೇಸುವಿನೊಂದಿಗೇ ಮಾತಿಗೆ ಮಾತು ಬೆಳೆಸಿದಳು. ಕಳುಹಿಸಿಬಿಡಿ ಎಂದು ಶಿಷ್ಯರು ಹೇಳಿದ ಅವಳ ವಿಶ್ವಾಸವನ್ನು ಯೇಸು ದೊಡ್ಡದು ಎಂದು ಮೆಚ್ಚಿದರು (ಮತ್ತಾಯ ೧೫:೨೧-೨೮). ಮನೆಯಲ್ಲಿ ಹಿಂಸೆ ಅನುಭವಿಸುತ್ತಿರುವ ಸಹೋದರಿಯೇ, ಬಾಯಿಬಿಟ್ಟು ಹೇಳು. ಕನ್ಯಾಭಗಿನಿಯರಿಗೆ ಹೇಳು, ಗುರುಗಳಿಗೆ ಹೇಳು, ಅಗತ್ಯವಾದರೆ ಪೊಲೀಸರಿಗೂ ಹೇಳು. ಇದರಿಂದ ನಿನ್ನ ವಿಶ್ವಾಸಕ್ಕೆ ಕುಂದಿಲ್ಲ.

ನಮ್ಮ ಮನೆ, ನಮ್ಮ ಧರ್ಮಕೇಂದ್ರ

ನನ್ನ ಗೆಳೆಯ ಗುರುಗಳೊಬ್ಬರು ಹೇಳಿದ ಸಂಗತಿ ಇದು. ಒಂದು ಊರಿನಲ್ಲಿ ಹಬ್ಬದ ಖರ್ಚುವೆಚ್ಚದ ಸಭೆ ನಡೆದಿತ್ತು. ಹಿಂದಿನ ಬೆಂಚಿನಿಂದ ಒಬ್ಬ ತಾಯಿ ಎದ್ದು, "ನಮ್ಮ ಕೇರಿಯಲ್ಲಿ ಮೂರ್ನಾಲ್ಕು ಮನೆಯವರು ವಾರದ ಬಡ್ಡಿಗೆ ಸಾಲ ತಗೊಂಡು ಒದ್ದಾಡ್ತಾ ಇದ್ದಾರೆ, ಒಂದು ಮನೇಲಿ ಎರಡು ದಿನದಿಂದ ಒಲೆ ಹಚ್ಚಿಲ್ಲ" ಎಂದಳು. ಹಿರಿಯರೊಬ್ಬರು ನಕ್ಕು, "ಅಮ್ಮಾ, ನಲ್ಲಿ ಹತ್ರದ ಮಾತೆಲ್ಲ ಇಲ್ಲಿ ಬೇಡ" ಎಂದರು. ಸಭೆ ಮತ್ತೆ ದೀಪಾಲಂಕಾರದ ವಿಷಯಕ್ಕೆ ಹೋಯಿತು. ಹಬ್ಬ ಕಳೆದು ಎರಡು ತಿಂಗಳಿಗೆ ಆ ಮನೆಯವರು ರಾತ್ರೋರಾತ್ರಿ ಬೀಗ ಹಾಕಿ ಊರು ಬಿಟ್ಟರು. ಅವರ ಮಗುವಿನ ಹೆಸರು ಪ್ರಥಮ ಪರಮಪ್ರಸಾದದ ಪಟ್ಟಿಯಲ್ಲಿ ಹಾಗೆಯೇ ಉಳಿಯಿತು. ಆ ತಾಯಿ ತಂದ ಸುದ್ದಿ ಹುರುಳಿಲ್ಲದ್ದಾಗಿರಲಿಲ್ಲ.

ಗಡಿಯ ಈಚೆ ಬಾಳುವ ನಮಗೆ ಇದರಲ್ಲಿ ಇನ್ನೂ ಒಂದು ಅರ್ಥವಿದೆ. ನಮ್ಮ ಮಕ್ಕಳು ಶಾಲೆಯಲ್ಲಿ ಓದುವುದು ಬೇರೆ ಭಾಷೆ. ಬಸ್ಸಿನ ಬೋರ್ಡು ಬೇರೆ ಭಾಷೆ. ಆದರೂ ಕನ್ನಡದಲ್ಲಿ ಶಿಲುಬೆಯ ಗುರುತು ಹಾಕಲು, ಜಪಸರ ಹೇಳಲು ಅವರಿಗೆ ಬರುತ್ತದೆ. ಕಲಿಸಿದವರು ಯಾರು? ಸಂಜೆ ದೀಪ ಹಚ್ಚಿ ಮೊಮ್ಮಕ್ಕಳನ್ನು ಕೂರಿಸಿಕೊಂಡ ಅಜ್ಜಿಯರು, ಅಡುಗೆ ಮಾಡುತ್ತಲೇ ಪ್ರಾರ್ಥನೆ ಹೇಳಿಕೊಟ್ಟ ಅಮ್ಮಂದಿರು. ನಮ್ಮ ಮನೆಗಳಿಗೆ ಶುಭಸಂದೇಶ ತಲುಪಿದ್ದು ಬಹುಪಾಲು ಅವರ ಬಾಯಿಂದಲೇ. ಆ ಬಾಯಿಗಳ ಮಾತು ಸಭೆಯಲ್ಲಿ ಮಾತ್ರ ಬೇಡವೇ?

ಆದ್ದರಿಂದ ಈ ತಿಂಗಳಿಗೆ ಮೂರು ಸಣ್ಣ ಕೆಲಸಗಳನ್ನು ಹೇಳುತ್ತೇನೆ. ಒಂದು, ಸಂಜೆಯ ಕುಟುಂಬ ಪ್ರಾರ್ಥನೆಯ ನಂತರ ಟಿ.ವಿ. ಹಾಕುವ ಮೊದಲು ಮನೆಯ ಹಿರಿಯ ಹೆಂಗಸನ್ನು ಕೇಳಿ: ಅಜ್ಜಿ, ನಿಮ್ಮ ಜೀವನದಲ್ಲಿ ಸರಿಯದ ಬಂಡೆ ಯಾವುದಿತ್ತು, ಯಾರು ಸರಿಸಿದರು? ಮಕ್ಕಳು ಪಕ್ಕದಲ್ಲಿ ಕುಳಿತು ಕೇಳಲಿ. ಎರಡು, ಧರ್ಮಕೇಂದ್ರದ ಪಾಲನಾ ಸಮಿತಿಯ ಮುಂದಿನ ಸಭೆಯಲ್ಲಿ ಮೊದಲ ಕಾಲು ಗಂಟೆ ಹೆಂಗಸರೇ ಮಾತಾಡಲಿ, ಮಿಕ್ಕವರು ನಡುವೆ ಬಾಯಿಹಾಕದೆ ಕೇಳಲಿ. ಮೂರು, ಜುಲೈ ೨೨ರಂದು ಸಾಧ್ಯವಾದಷ್ಟು ಜನ ಬಲಿಪೂಜೆಗೆ ಬನ್ನಿ, ಗಂಡಸರೂ ಬನ್ನಿ.

ಪುನರುತ್ಥಾನದ ದಿನ ತೋಟದಲ್ಲಿ ಅಳುತ್ತ ನಿಂತ ಹೆಣ್ಣುಮಗಳನ್ನು ಪ್ರಭು ಹೆಸರು ಹಿಡಿದು ಕರೆದರು. ಆ ಧ್ವನಿಯಿಂದಲೇ ಅವಳು ಅವರನ್ನು ಗುರುತಿಸಿ 'ರಬ್ಬೂನಿ' ಎಂದಳು. ಅವರು ಅವಳನ್ನು ಅಲ್ಲೇ ಇರಿಸಿಕೊಳ್ಳಲಿಲ್ಲ, ತಮ್ಮ ಸಹೋದರರ ಬಳಿಗೆ ಸುದ್ದಿ ಕೊಟ್ಟು ಕಳುಹಿಸಿದರು (ಯೊವಾನ್ನ ೨೦:೧೧-೧೮). ಅವಳು ಹೋದಳು, ಹೇಳಿದಳು. ಕೇಳುವ ಕಿವಿಯನ್ನು ಪ್ರಭು ನಮಗೆಲ್ಲರಿಗೂ ದಯಪಾಲಿಸಲಿ. ನಿಮ್ಮ ಕುಟುಂಬಗಳನ್ನು ದೇವರು ಆಶೀರ್ವದಿಸಲಿ.